ಬಿಸ್ಕತ್ತಿನ ಡಬ್ಬಿ ನೋಡಿ ಕಟ್ಟಿದ ಮನೆ

ಮನೆ ತೋರಿಸುವ ಕೆಲಸದಲ್ಲಿರುವವರಿಗೆ ನಗೋದಕ್ಕೆ ಅಂತ ಬೇರೆ ಏರ್ಪಾಡು ಬೇಕಾಗಿಲ್ಲ. ಮಾರುವವರು, ಕೊಳ್ಳುವವರು, ನಡುವೆ ನಿಂತು ಮಾತು ದಾಟಿಸುವವರು, ಈ ಮೂವರಲ್ಲಿ ಯಾರಾದರೊಬ್ಬರು ವಾರಕ್ಕೊಂದು ಸಲ ಆ ಉಪಕಾರ ಮಾಡಿಯೇ ಮಾಡುತ್ತಾರೆ. ನನ್ನ ಪಾಲಿಗೆ ಮಾತ್ರ ಒಂದೇ ಮನೆ ಹೆಚ್ಚುಕಮ್ಮಿ ಒಂದು ವರ್ಷ ಆ ಉಪಕಾರ ಮಾಡಿತು.

ಎರಡು ಸಾವಿರದ ಇಸವಿ ಹತ್ತಿರ ಬರುತ್ತಿದ್ದ ಕಾಲ ಅದು. ತಾರೀಖು ಬದಲಾದ ಕೂಡಲೇ ಕಂಪ್ಯೂಟರುಗಳೆಲ್ಲ ತಲೆಕೆಟ್ಟು ಕೂತುಬಿಡುತ್ತವೆ ಎಂದು ಲೋಕವೆಲ್ಲ ಹೆದರಿತ್ತು. ಅವುಗಳ ತಲೆ ಮೊದಲೇ ಸರಿಮಾಡಲಿ ಅಂತ ಬೆಂಗಳೂರಿನ ಕಂಪನಿಯವರು ನನ್ನ ಗಂಡನನ್ನು ಜಪಾನಿನ ತ್ಸುಕುಬಾಕ್ಕೆ ಕಳಿಸಿದ್ದರು. ತ್ಸುಕುಬಾ ವಿಜ್ಞಾನಿಗಳ ಊರು. ಸೈಕಲ್ ಮೇಲೆ ಹೋಗುವ ಮುದುಕರನ್ನೂ ಸುಮ್ಮನೆ ಗಂಟೆ ಹೊಡೆದು ಪಕ್ಕಕ್ಕೆ ಸರಿಸುವ ಹಾಗಿಲ್ಲ, ಯಾವ ಸಂಸ್ಥೆಯ ನಿರ್ದೇಶಕರೋ ಏನೋ. ಮೈಸೂರಿನಲ್ಲಿ ಹೈಸ್ಕೂಲು ಟೀಚರಾಗಿದ್ದ ನಾನು ಮನೆಯಲ್ಲಿ ಕೂತು ಬೇಜಾರಾಗಿ ಜಪಾನೀಸ್ ಕಲಿತೆ. ಕಲಿತದ್ದನ್ನು ಎಲ್ಲಿ ಖರ್ಚು ಮಾಡೋದು ಅಂತ ನೋಡುತ್ತಿರುವಾಗ, ಮನೆ ಕೊಡಿಸುವ ಒಂದು ಪುಟ್ಟ ಆಫೀಸಿನಲ್ಲಿ ಇಂಗ್ಲಿಷ್ ಬಲ್ಲವರು ಬೇಕು ಅಂತ ಗೊತ್ತಾಯಿತು. ಹೋಗಿ ಸೇರಿಕೊಂಡೆ. ಆಫೀಸಿನ ಯಜಮಾನರಿಗೆ ಅರವತ್ತು ದಾಟಿತ್ತು. ಅವರನ್ನು ನಾವೆಲ್ಲ ಶಾಚೋ-ಸಾನ್, ಅಂದರೆ ಯಜಮಾನರೇ, ಅಂತ ಕರೆಯುತ್ತಿದ್ದೆವು. ನಾವೆಲ್ಲ ಅಂದರೆ ನಾನೊಬ್ಬಳೇ.

ನನ್ನ ಕೈಗೆ ಬಂದ ಮೊದಲ ಫೈಲೇ ಆ ಮನೆಯದ್ದು. ಬೆಟ್ಟದ ಬುಡದಲ್ಲಿ, ಗದ್ದೆಗಳೆಲ್ಲ ಮುಗಿದ ಮೇಲೆ, ಬಿದಿರು ಮೆಳೆಯ ಹಿಂದೆ, ಮಣ್ಣು ದಾರಿಯ ಕೊನೆಯಲ್ಲಿ ನಿಂತಿದ್ದ ಒಂಟಿ ಮನೆ. ಬಿಳಿ ಗೋಡೆ, ಕಪ್ಪು ಮರದ ಪಟ್ಟಿ, ಕಡಿದಾದ ಸೂರು, ಪುಟ್ಟ ಪುಟ್ಟ ಗಾಜಿನ ಕಿಟಕಿ, ಬಾಗಿಲ ಪಕ್ಕ ಗುಲಾಬಿ ಬಳ್ಳಿ. ಇಂಗ್ಲೆಂಡಿನ ಹಳ್ಳಿ ಕಡೆಯ ಕಾಟೇಜು ಹೇಗಿರುತ್ತದೋ ಹಾಗೇ. ಕಟ್ಟಿಸಿದವರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದ ಒಬ್ಬ ಮೇಷ್ಟ್ರು. ಅವರು ಇಂಗ್ಲೆಂಡಿಗೆ ಹೋದವರಲ್ಲ. ಯಾರೋ ತಂದುಕೊಟ್ಟ ಬಿಸ್ಕತ್ತಿನ ಡಬ್ಬಿಯ ಮುಚ್ಚಳದ ಮೇಲೆ ಇಂಥ ಮನೆಯ ಚಿತ್ರವಿತ್ತಂತೆ, ಅದನ್ನೇ ಬಡಗಿಯ ಕೈಗೆ ಕೊಟ್ಟರಂತೆ. ಚಿತ್ರದಲ್ಲಿ ಮನೆಯ ಮುಂಭಾಗ ಮಾತ್ರ ಕಾಣುತ್ತಿತ್ತು. ಹಿಂದೆ ಏನಿರುತ್ತದೆ ಅನ್ನೋದು ಮೇಷ್ಟ್ರಿಗೂ ಗೊತ್ತಿಲ್ಲ, ಬಡಗಿಗೂ ಗೊತ್ತಿಲ್ಲ. ಆದ್ದರಿಂದ ಹಿಂಭಾಗ ಅಪ್ಪಟ ಜಪಾನಿ ಮನೆ: ಚಾಪೆ ಹಾಸಿದ ಕೋಣೆಗಳು, ಜಾರುಬಾಗಿಲು, ಉದ್ದಕ್ಕೂ ಮರದ ಜಗಲಿ.

ಮೇಷ್ಟ್ರ ಹೆಂಡತಿಗೆ ಮಂಡಿ ನೋವು. ಕೋಬೆಯಲ್ಲಿದ್ದ ಮಗಳು ಇಲ್ಲೇ ಹತ್ತಿರಕ್ಕೆ ಬಂದುಬಿಡಿ ಅಂತ ಕರೆಯುತ್ತಿದ್ದಳು. ಹೋಗೋಣ ಅಂತ ಮೇಷ್ಟ್ರೂ ಒಪ್ಪಿದ್ದರು. ತೊಡಕು ಒಂದೇ. ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಅಂತ ಹೇಳಿಕೊಟ್ಟ ಆ ಮನುಷ್ಯನಿಗೆ ಮನೆ ಮಾರುವಾಗಲೂ ಸುಳ್ಳು ಹೇಳಲು ಬರುತ್ತಿರಲಿಲ್ಲ. ಸುಮ್ಮನಿರಲಂತೂ ಮೊದಲೇ ಬರುತ್ತಿರಲಿಲ್ಲ.

ಯಾರಿಗೂ ಕೇಳಿಸುವುದಿಲ್ಲ

ಪರದೇಶದ ವಿಜ್ಞಾನಿಗಳ ಕಣ್ಣಿಗೆ ಬೀಳಲಿ ಅಂತ ಶಾಚೋ-ಸಾನ್ ಒಂದು ಜಾಹೀರಾತು ಬರೆದು, ಇದನ್ನು ಇಂಗ್ಲಿಷಿಗೆ ಮಾಡಿಕೊಡಿ ಅಂದರು. ಮನೆ ಏಕಾಂತದಲ್ಲಿದೆ, ಪಿಯಾನೋ ನುಡಿಸುವವರಿಗೂ ಮಕ್ಕಳಿರುವವರಿಗೂ ನೆರೆಹೊರೆಯವರ ಕಾಟವಿಲ್ಲ ಅನ್ನೋದು ಅವರ ಮನಸ್ಸಿನಲ್ಲಿದ್ದದ್ದು. ಬರೆಯುವಾಗ ಪಿಯಾನೋವನ್ನೂ ಮಕ್ಕಳನ್ನೂ ಬಿಟ್ಟಿದ್ದರು. ನಾನು ಹೊಸಬಳು, ಒಂದಕ್ಷರ ಆಚೀಚೆ ಮಾಡಬಾರದು ಅಂತ ಇದ್ದದ್ದನ್ನು ಇದ್ದ ಹಾಗೇ ಇಂಗ್ಲಿಷಿಗೆ ಇಳಿಸಿದೆ. "ಸುತ್ತಲೂ ಯಾರೂ ಇಲ್ಲ. ನೀವು ಎಷ್ಟೇ ಕೂಗಿದರೂ ಯಾರಿಗೂ ಕೇಳಿಸುವುದಿಲ್ಲ. ಒಬ್ಬರೇ ಬಂದರೂ ಸಂತೋಷ. ಮಾಲೀಕರು ಸದಾ ಕಾದಿರುತ್ತಾರೆ."

ಒಂದೇ ಒಂದು ಫೋನು ಬಂತು. ಜರ್ಮನಿಯಿಂದ ಸಂಶೋಧನೆಗೆ ಬಂದಿದ್ದ ಒಬ್ಬ ಹೆಂಗಸು. ಬಹಳ ವಿನಯದಿಂದ ಮಾತಾಡಿದರು. ಮಾಲೀಕರು ಏನು ಕೆಲಸ ಮಾಡುತ್ತಿದ್ದರು, ಹತ್ತಿರದ ಪೊಲೀಸ್ ಠಾಣೆ ಎಷ್ಟು ದೂರ ಅಂತೆಲ್ಲ ಕೇಳಿ, ಕೊನೆಗೆ ಮನೆ ನೋಡಲು ಬರುವಾಗ ನನ್ನ ನಾಯಿಯನ್ನು ಕರೆದುಕೊಂಡು ಬರಬಹುದೇ, ಅದು ಸ್ವಲ್ಪ ದೊಡ್ಡದು, ಅಂದರು. ನಾನು ರಿಸೀವರಿಗೆ ಕೈ ಅಡ್ಡ ಹಿಡಿದು ಶಾಚೋ-ಸಾನ್‌ರನ್ನು ಕೇಳಿದೆ. ಅವರಿಗೆ ನಾಯಿಗಳೆಂದರೆ ಪ್ರೀತಿ. ಮುಖ ಅರಳಿಸಿಕೊಂಡು ಹೇಳಿದ್ದನ್ನು ನಾನು ಅಷ್ಟೇ ಪ್ರೀತಿಯಿಂದ ಆಕೆಗೆ ದಾಟಿಸಿದೆ.

"ಧಾರಾಳವಾಗಿ ಕರೆದುಕೊಂಡು ಬನ್ನಿ. ಅಲ್ಲಿ ಅದು ಎಷ್ಟು ಬೊಗಳಿದರೂ ಯಾರೂ ಬರುವುದಿಲ್ಲ."

ಆ ಕಡೆಯಿಂದ ಫೋನು ಇಟ್ಟ ಸದ್ದು ಮಾತ್ರ ಕೇಳಿಸಿತು.

ಇಂಗ್ಲಿಷಿನಿಂದ ಇಂಗ್ಲಿಷಿಗೆ

ಆ ಶರತ್ಕಾಲದಲ್ಲಿ ಒಬ್ಬ ನಿಜವಾದ ಇಂಗ್ಲಿಷಿನವನೇ ಮನೆ ನೋಡಲು ಬಂದ. ಭೌತಶಾಸ್ತ್ರದವನು, ಇಲ್ಲೇ ಐದಾರು ವರ್ಷ ಇರುವ ಯೋಚನೆ. ಶಾಚೋ-ಸಾನ್ ಹಿಂದಿನ ದಿನದಿಂದಲೇ ಖುಷಿಯಲ್ಲಿದ್ದರು. ಆ ಮನೆ ಕಂಡ ಕೂಡಲೇ ಊರು ನೆನಪಾಗಿ ಅವನ ಕಣ್ಣಲ್ಲಿ ನೀರು ಬರುತ್ತದೆ, ನಾವು ಪೇಪರು ಮುಂದಿಟ್ಟರೆ ಸಾಕು ಅನ್ನೋದು ಅವರ ಲೆಕ್ಕಾಚಾರ. ಮೇಷ್ಟ್ರಂತೂ ಟೈ ಕಟ್ಟಿಕೊಂಡು ಗುಲಾಬಿ ಬಳ್ಳಿಯ ಪಕ್ಕದಲ್ಲಿ ನಿಂತಿದ್ದರು. ಜೀವಮಾನವೆಲ್ಲ ಇಂಗ್ಲಿಷ್ ಕಲಿಸಿದ್ದರೂ ಒಬ್ಬ ಇಂಗ್ಲಿಷಿನವನ ಜೊತೆ ಮಾತಾಡುವುದು ಅವರಿಗೆ ಅದೇ ಮೊದಲು.

ಮೇಷ್ಟ್ರು ಇಂಗ್ಲಿಷಿನಲ್ಲಿ ಸ್ವಾಗತ ಕೋರಿದರು. ಪುಸ್ತಕದ ಇಂಗ್ಲಿಷು, ಒಂದು ಕಾಲ ತಪ್ಪಿಲ್ಲ, ಒಂದು ವಿಭಕ್ತಿ ತಪ್ಪಿಲ್ಲ, ಉಚ್ಚಾರ ಮಾತ್ರ ಪೂರ್ತಿ ಅವರದ್ದೇ. ಬಂದವನು ಅದನ್ನು ಜಪಾನೀಸ್ ಅಂತ ತಿಳಿದು ಜಪಾನೀಸಿನಲ್ಲೇ ಉತ್ತರ ಕೊಟ್ಟ. ಅದನ್ನು ಮೇಷ್ಟ್ರು ಇಂಗ್ಲಿಷ್ ಅಂತ ತಿಳಿದು ಕಿವಿಗೊಟ್ಟು ಕೇಳಿದರು. ಹೀಗೆ ಐದು ನಿಮಿಷ ಇಬ್ಬರೂ ತಲೆಬಾಗುತ್ತ, ನಗುತ್ತ ನಿಂತರು. ಆಮೇಲೆ ಇಬ್ಬರೂ ನನ್ನ ಮುಖ ನೋಡಿದರು. ಅವತ್ತು ಮಧ್ಯಾಹ್ನವೆಲ್ಲ ನಾನು ಮೇಷ್ಟ್ರ ಇಂಗ್ಲಿಷನ್ನು ಮೈಸೂರಿನ ಇಂಗ್ಲಿಷಿಗೆ ಅನುವಾದ ಮಾಡಿದೆ. ಮೈಸೂರಿನ ಟ್ರೈನಿಂಗ್ ಕಾಲೇಜಿನಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಅವನು ಕಣ್ಣೀರು ಹಾಕಲಿಲ್ಲ. ಬಾಗಿಲ ತೊಲೆಗೆ ಹಣೆ ಬಡಿದುಕೊಂಡು, ನನ್ನ ಅಜ್ಜಿಯ ಮನೆಯಲ್ಲೂ ಹೀಗೇ ಬಡಿಯುತ್ತಿತ್ತು ಅಂದ. ಇದನ್ನು ಹೊಗಳಿಕೆ ಅಂತ ಶಾಚೋ-ಸಾನ್ ಬರೆದುಕೊಂಡರು. ನಮ್ಮಲ್ಲಿ ಇಂಥ ಮನೆಗಳಲ್ಲಿ ಯಾವಾಗಲೂ ಥಂಡಿ ಹಿಡಿದಿರುತ್ತದೆ ಅಂತಲೂ ಅವನು ಹೇಳಿದ. ಮೇಷ್ಟ್ರು ಸಂತೋಷದಿಂದ, ಇಲ್ಲೂ ಹಿಡಿದಿರುತ್ತದೆ, ಜೂನ್ ತಿಂಗಳಲ್ಲಿ ಗೋಡೆ ಒರೆಸಬೇಕು, ಅಂದರು.

ಆಮೇಲೆ ಮನೆಯ ಹಿಂಭಾಗಕ್ಕೆ ಹೋದೆವು. ಮೇಷ್ಟ್ರ ಹೆಂಡತಿ ಮರದ ಜಗಲಿಯ ಮೇಲೆ ಟೀ ಇಟ್ಟಿದ್ದರು. ಮನೆಯ ಮುಖ ದಕ್ಷಿಣಕ್ಕಿದ್ದದ್ದರಿಂದ ಅವರ ಜಗಲಿಗೆ ಬಿಸಿಲೇ ಬೀಳುತ್ತಿರಲಿಲ್ಲ. ಇಪ್ಪತ್ತು ವರ್ಷದಿಂದ ಬಿಸಿಲೆಲ್ಲ ಇಂಗ್ಲೆಂಡಿಗೆ, ನೆರಳೆಲ್ಲ ನನಗೆ ಅಂತ ಆಕೆ ನನ್ನ ಹತ್ತಿರ ಮೆಲ್ಲಗೆ ಹೇಳಿದರು. ಇಂಗ್ಲಿಷಿನವನು ಶೂ ಬಿಚ್ಚಿ ಜಗಲಿಯ ಮೇಲೆ ಕೂತ. ಬಿದಿರು ನೋಡಿದ, ಚಾಪೆ ಮುಟ್ಟಿ ನೋಡಿದ, ಟೀ ಕುಡಿದ, ಒಂದು ಗಂಟೆಯಾದರೂ ಏಳಲಿಲ್ಲ. ಶಾಚೋ-ಸಾನ್ ನನಗೆ ಕಣ್ಸನ್ನೆ ಮಾಡಿದರು. ವ್ಯವಹಾರ ಕುದುರಿತು ಅಂತ ನಾನೂ ಅಂದುಕೊಂಡು ಅಭಿಪ್ರಾಯ ಏನು ಅಂತ ಕೇಳಿದೆ.

ಅವನು ಬಹಳ ಸಂಕೋಚದಿಂದ ಕೇಳಿದ: "ಈ ಹಿಂದಿನ ಅರ್ಧ ಮಾತ್ರ ಮಾರುತ್ತೀರಾ?"

ಪ್ರಳಯಕ್ಕೊಂದು ಮನೆ

ಇಸವಿ ಬದಲಾಗಲು ಇನ್ನೂ ಒಂದೂವರೆ ತಿಂಗಳಿದ್ದಾಗ ಬಂದವರು ಯಾವುದೋ ಆಫೀಸಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಒಬ್ಬರು. ನಿದ್ದೆಗೆಟ್ಟ ಮುಖ. ಮೇಷ್ಟ್ರು ಹೇಳಿದ ಕುಂದುಗಳೆಲ್ಲ ಇವರಿಗೆ ವರದ ಹಾಗೆ ಕೇಳಿಸಿದವು. ಬಸ್ಸಿಲ್ಲವೇ, ಒಳ್ಳೆಯದು. ದಾರಿ ಹುಡುಕುವುದು ಕಷ್ಟವೇ, ಇನ್ನೂ ಒಳ್ಳೆಯದು. ಬಾವಿ ಇದೆಯೇ, ಆಲೂಗಡ್ಡೆ ಬೆಳೆಯುತ್ತದೆಯೇ, ಅಟ್ಟದಲ್ಲಿ ಎಷ್ಟು ಮೂಟೆ ಅಕ್ಕಿ ಹಿಡಿಸುತ್ತದೆ ಅಂತ ಕೇಳುತ್ತ ಹೋದರು. ಸ್ವಲ್ಪ ಹೊತ್ತಿನ ಮೇಲೆ ನಮಗೆ ಅರ್ಥವಾಯಿತು. ಕಂಪ್ಯೂಟರುಗಳು ಕೈಕೊಟ್ಟು, ಬೆಳಕು ನೀರು ರೈಲು ಎಲ್ಲ ನಿಂತಾಗ ಹೆಂಡತಿ ಮಕ್ಕಳನ್ನು ಕರೆತಂದು ಬಚ್ಚಿಡಲು ಅವರಿಗೊಂದು ಮನೆ ಬೇಕಾಗಿತ್ತು.

ನೋಡಿದರೆ ಅಯ್ಯೋ ಪಾಪ ಅನ್ನಿಸುತ್ತಿತ್ತು. ಸಮಾಧಾನಕ್ಕೆ ಅಂತ, ನನ್ನ ಗಂಡ ಅದೇ ಕೆಲಸ ಮಾಡುತ್ತಾರೆ, ದಿನಾ ಕೂತು ಅದನ್ನೇ ಸರಿಮಾಡುತ್ತಿದ್ದಾರೆ ಅಂದೆ. ಅವರು ತಕ್ಷಣ ನನ್ನ ಕಡೆ ತಿರುಗಿ ಧ್ವನಿ ತಗ್ಗಿಸಿ, ಹಾಗಾದರೆ ನಿಮ್ಮ ಯಜಮಾನರು ಏನು ಏರ್ಪಾಡು ಮಾಡಿಕೊಂಡಿದ್ದಾರೆ, ದಯವಿಟ್ಟು ನಿಜ ಹೇಳಿ, ಅಂದರು.

ನಾನು ಯೋಚಿಸಿ ನಿಜವನ್ನೇ ಹೇಳಿದೆ. ನಿನ್ನೆ ತಾನೇ ಅವರು ಆಫೀಸಿಗೆ ಹೋಗುವ ಬಸ್ ಪಾಸನ್ನು ಇನ್ನು ಆರು ತಿಂಗಳಿಗೆ ಮಾಡಿಸಿಕೊಂಡು ಬಂದರು.

ಆ ಮನುಷ್ಯನ ಮುಖದ ಮೇಲೆ ಬಣ್ಣ ಬಂತು. ಆರು ತಿಂಗಳಿಗೇ ಅಂತ ಎರಡು ಸಲ ಕೇಳಿದರು. ಮೂರು ಸಲ ತಲೆಬಾಗಿ ಅರಿಗಾತೋ ಹೇಳಿ, ಹಗುರಾಗಿ ಕಾರು ಹತ್ತಿ ಹೊರಟೇಹೋದರು. ಮನೆ ಹೋಗಲಿ, ಬಾವಿಯ ಕಡೆಗೂ ತಿರುಗಿ ನೋಡಲಿಲ್ಲ.

ವಾಪಸು ಬರುವಾಗ ಶಾಚೋ-ಸಾನ್ ಕಾರು ನಿಧಾನ ಮಾಡಿದರು. ಆಮೇಲೆ ಮೃದುವಾಗಿ, ಡಿಸೆಂಬರ್ ಮುಗಿಯುವ ತನಕ ನಿಮ್ಮ ಯಜಮಾನರು ತರಕಾರಿ ವ್ಯಾಪಾರ ಮಾಡುತ್ತಾರೆ ಅಂತ ಹೇಳಬಹುದೇ, ಅಂದರು.

ಹೊಗೆಕೊಳವೆ

ಡಿಸೆಂಬರಿನಲ್ಲಿ ಟೋಕಿಯೋದಿಂದ ಒಂದು ಸಂಸಾರ ಬಂತು. ಗಂಡ, ಹೆಂಡತಿ, ಐದು ವರ್ಷದ ಮಗಳು. ಆ ಮಗು ಕಾರಿನಿಂದ ಇಳಿದದ್ದೇ ಸೂರಿನ ಮೇಲಿದ್ದ ಹೊಗೆಕೊಳವೆ ನೋಡಿ ಕುಣಿಯಿತು. ಕ್ರಿಸ್‌ಮಸ್ ತಾತ ಒಳಗೆ ಬರುವ ದಾರಿ ಅದೇ ಅಂತ ಅದಕ್ಕೆ ಬಾಲವಾಡಿಯಲ್ಲಿ ಹೇಳಿಕೊಟ್ಟಿದ್ದರಂತೆ. ಟೋಕಿಯೋದ ಅವರ ಫ್ಲಾಟಿಗೆ ಹೊಗೆಕೊಳವೆ ಇಲ್ಲ ಅನ್ನೋದು ಅದಕ್ಕೆ ಬಹಳ ದಿನದ ಚಿಂತೆ.

ಈಗ ಒಲೆ ತೋರಿಸು ಅಂತ ಮಗು ಮೇಷ್ಟ್ರ ಕೈ ಹಿಡಿಯಿತು. ಮೇಷ್ಟ್ರು ಅದರೆದುರು ಮಂಡಿಯೂರಿ ಕೂತು, ಒಲೆ ಇಲ್ಲಮ್ಮ, ಚಿತ್ರದಲ್ಲಿ ಕೊಳವೆ ಇತ್ತು, ಒಲೆ ಕಾಣಿಸಲಿಲ್ಲ, ಅದಕ್ಕೇ ಕೊಳವೆ ಮಾತ್ರ ಕಟ್ಟಿದೆವು, ಕೆಳಗೆ ಹಲಗೆ ಮುಚ್ಚಿದೆ, ಅಂದರು. ಮಗು ಸ್ವಲ್ಪ ಹೊತ್ತು ಯೋಚಿಸಿ, ಹಾಗಾದರೆ ತಾತ ಏನಾಗುತ್ತಾನೆ ಅಂತ ಕೇಳಿತು. ಶಾಚೋ-ಸಾನ್ ಹಿಂದಿನಿಂದ ಕೆಮ್ಮಿದರು, ನಾನೂ ಕೆಮ್ಮಿದೆ. ಮೇಷ್ಟ್ರು ಸುಳ್ಳು ಹೇಳುವವರಲ್ಲ.

"ಸಿಕ್ಕಿಹಾಕಿಕೊಳ್ಳುತ್ತಾನೆ" ಅಂದರು.

ಮಗು ಅತ್ತ ರಭಸಕ್ಕೆ ಬಿದಿರು ಮೆಳೆಯ ಹಕ್ಕಿಗಳೆಲ್ಲ ಎದ್ದುಹೋದವು. ಕೊನೆಗೆ ಮೇಷ್ಟ್ರ ಹೆಂಡತಿಯೇ ಬಂದು ಮಗುವನ್ನು ಹಿಂಬಾಗಿಲಿಗೆ ಕರೆದುಕೊಂಡು ಹೋಗಿ, ನಮ್ಮ ಮನೆಗೆ ತಾತ ಈ ಕಡೆಯಿಂದ ಬರುತ್ತಾನೆ, ಬೂಟು ಇಲ್ಲಿ ಬಿಡುತ್ತಾನೆ ಅಂತ ತೋರಿಸಿ, ಮನೆಯಲ್ಲಿದ್ದ ದೊಡ್ಡ ಚಪ್ಪಲಿಯನ್ನು ಹೊಸಿಲ ಹತ್ತಿರ ಜೋಡಿಸಿಟ್ಟರು. ಮಗು ಮೂಗು ಒರೆಸಿಕೊಂಡು ಆ ಚಪ್ಪಲಿಯನ್ನು ತಾನೂ ಸ್ವಲ್ಪ ಸರಿಮಾಡಿ ಇಟ್ಟು, ಇದೇ ಮನೆ ಬೇಕು ಅಂತ ಶಾಚೋ-ಸಾನ್‌ಗೆ ಹೇಳಿತು. ಅಷ್ಟು ಸ್ಪಷ್ಟವಾಗಿ ಒಪ್ಪಿಗೆ ಕೊಟ್ಟ ಗಿರಾಕಿ ಅಲ್ಲಿಯವರೆಗೆ ಬೇರೆ ಯಾರೂ ಇರಲಿಲ್ಲ. ಆದರೆ ಅದರ ಅಪ್ಪ ದಿನಾ ಟೋಕಿಯೋಕ್ಕೆ ಹೋಗಿಬರಬೇಕಲ್ಲ. ಬೆಳಿಗ್ಗೆ ಎಷ್ಟು ಹೊತ್ತಿಗೆ ಹೊರಡಬೇಕಾಗುತ್ತದೆ ಅಂತ ಅವರು ಕೇಳಿದರು. ಮೇಷ್ಟ್ರು ಪ್ರಾಮಾಣಿಕವಾಗಿ, ಹಿಂದಿನ ದಿನ ಸಂಜೆಯೇ ಹೊರಟರೆ ಒಳ್ಳೆಯದು, ಅಂದರು.

ದಕ್ಷಿಣದ ಬಾಗಿಲು

ಇಸವಿ ಬದಲಾಯಿತು, ಪ್ರಳಯ ಆಗಲಿಲ್ಲ. ಕೋಬೆಯಿಂದ ಮಾತ್ರ ಸುದ್ದಿ ಬಂತು: ಮಗಳು ಬಸುರಿ, ಜೂನಿನಲ್ಲಿ ಹೆರಿಗೆ. ಮೇಷ್ಟ್ರ ಹೆಂಡತಿ ನಮ್ಮ ಆಫೀಸಿಗೇ ಬಂದು, ಇದು ಮೊದಲ ಮೊಮ್ಮಗು, ಅದಕ್ಕಿಂತ ಮುಂಚೆ ನಾನಲ್ಲಿರಬೇಕು, ದಯವಿಟ್ಟು ಏನಾದರೂ ಮಾಡಿ ಅಂತ ಕೇಳಿಕೊಂಡರು. ನೋಯುವ ಮಂಡಿಯಲ್ಲೇ ಅಷ್ಟು ದೂರ ಬಂದಿದ್ದರು. ನನಗೆ ಮನಸ್ಸು ತಡೆಯಲಿಲ್ಲ. ಟೋಕಿಯೋದ ಓಜಿಮಾದಲ್ಲಿದ್ದ ನಮ್ಮ ಕನ್ನಡದವರಿಗೆ ಫೋನು ಮಾಡಿ, ನಾಲ್ಕು ಮನೆಯವರು ಸೇರಿ ವಾರದ ಕೊನೆಗೆ ಇರೋಕೆ ಒಂದು ಮನೆ ತಗೊಂಡರೆ ಹೇಗೆ ಅಂದೆ.

ಭಾನುವಾರ ಬಂದೇಬಿಟ್ಟರು, ಕುಕ್ಕರಿನ ಸಮೇತ. ಓಜಿಮಾದ ಫ್ಲಾಟಿನಲ್ಲಿ ಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಎರಡು ಮಹಡಿ ಮೇಲಿನವರು ಕೆಮ್ಮುತ್ತಿದ್ದರು. ಇವರು ಹೋಗಿ ಸುಮಿಮಾಸೆನ್, ಅಂದರೆ ಕ್ಷಮಿಸಿ, ಅಂತ ಹೇಳಿ ಬರುತ್ತಿದ್ದರು. ಇಲ್ಲಿ ಕೆಮ್ಮಲು ಯಾರೂ ಇಲ್ಲ ಅನ್ನೋದೇ ಅವರಿಗೆ ಸ್ವರ್ಗ. ಬಿಸಿಬೇಳೆಬಾತ್ ಗ್ಯಾಸಿನ ಮೇಲೆ ಏರಿತು. ಕುಕ್ಕರು ಮೊದಲ ಸಲ ಕೂಗಿದಾಗ ಶಾಚೋ-ಸಾನ್ ಎದ್ದು ನಿಂತರು, ಎರಡನೆಯದಕ್ಕೆ ಬಾಗಿಲ ಹತ್ತಿರ ಹೋದರು, ಮೂರನೆಯದಕ್ಕೆ ಅಂಗಳದಲ್ಲಿದ್ದರು.

ಊಟವಾದ ಮೇಲೆ ಎಲ್ಲರೂ ಮೆತ್ತಗಾಗಿದ್ದರು. ಇದೇ ಸಮಯ ಅಂತ ಶಾಚೋ-ಸಾನ್ ತಮ್ಮ ದೊಡ್ಡ ಅಸ್ತ್ರ ತೆಗೆದರು. ಜಪಾನಿನಲ್ಲಿ ಮನೆ ದಕ್ಷಿಣಕ್ಕೆ ಮುಖ ಮಾಡಿದ್ದರೆ ಅದಕ್ಕಿಂತ ಭಾಗ್ಯವಿಲ್ಲ, ಚಳಿಗಾಲದ ಬಿಸಿಲೆಲ್ಲ ಒಳಗೇ. ಅವರು ಎದೆಯುಬ್ಬಿಸಿ, ಈ ಮನೆಯ ಮುಖ ದಕ್ಷಿಣ, ಬಾಗಿಲು ದಕ್ಷಿಣ, ಎಲ್ಲ ಕಿಟಕಿಗಳೂ ದಕ್ಷಿಣ, ಒಂದು ಕೂದಲೆಳೆಯಷ್ಟೂ ಆಚೀಚೆ ಇಲ್ಲ, ಅಂದರು. ನಾನು ಕನ್ನಡಕ್ಕೆ ತಿರುಗಿಸುವ ಮೊದಲೇ ನಾಲಗೆ ಕಚ್ಚಿಕೊಂಡೆ. ಬಂದವರಲ್ಲಿ ಒಬ್ಬರ ಅಪ್ಪ, ಬೆಂಗಳೂರಿನಿಂದ ಮಗನನ್ನು ನೋಡಲು ಬಂದಿದ್ದವರು, ಆಗಲೇ ಜೇಬಿನಿಂದ ದಿಕ್ಸೂಚಿ ತೆಗೆದಿದ್ದರು. ಮುಳ್ಳು ನೋಡಿ, ಹೌದು, ಶುದ್ಧ ದಕ್ಷಿಣ, ಯಮನ ದಿಕ್ಕು, ಅಂದರು. ಅಲ್ಲಿಗೆ ಹೆಂಗಸರು ಕುಕ್ಕರು ತೊಳೆದು ಚೀಲಕ್ಕೆ ಹಾಕಿಕೊಂಡರು.

ಮೇಷ್ಟ್ರು ಮಾತ್ರ ಬಹಳ ಆಸಕ್ತಿಯಿಂದ ನನ್ನ ಹತ್ತಿರ ಬಂದು ಯಮನ ವಿಷಯ ಪೂರ್ತಿ ಕೇಳಿ ತಿಳಿದುಕೊಂಡರು. ನನಗೆ ಆಗಲೇ ಅನುಮಾನ ಬರಬೇಕಿತ್ತು. ಮುಂದಿನ ವಾರ ಮನೆ ನೋಡಲು ಬಂದ ಒಬ್ಬ ಮಧ್ಯವಯಸ್ಸಿನ ಹೆಂಗಸಿಗೆ ಅವರು ಥಂಡಿ ಹೇಳಿದರು, ಹೊಗೆಕೊಳವೆ ಹೇಳಿದರು, ಆಮೇಲೆ ತಲೆಬಾಗಿ ಹೇಳಿದರು:

"ಇನ್ನೊಂದು ವಿಷಯ, ನನಗೂ ಈಚೆಗೆ ತಿಳಿಯಿತು. ಭಾರತದ ಮೃತ್ಯುದೇವತೆಗೆ ಈ ಬಾಗಿಲು ಬಹಳ ಅನುಕೂಲವಂತೆ."

ಮುದ್ರೆ

ಏಪ್ರಿಲ್ ಬಂತು. ಗುಲಾಬಿ ಬಳ್ಳಿ ಚಿಗುರಿತು, ಮನೆ ಹಾಗೇ ಇತ್ತು. ಹೆರಿಗೆಗೆ ಇನ್ನು ಎರಡೇ ತಿಂಗಳು. ಮೇಷ್ಟ್ರ ಹೆಂಡತಿ ನಗುವುದನ್ನೇ ಬಿಟ್ಟಿದ್ದರು. ಮೇಷ್ಟ್ರೂ ಒಳಗೊಳಗೇ ನೊಂದಿದ್ದರು. ನನ್ನಿಂದಲೇ ಹೀಗಾಗುತ್ತಿದೆ ಅಂತ ಗೊತ್ತು, ಆದರೆ ಕೊಂಡವರು ನಾಳೆ ನನ್ನನ್ನು ಬಯ್ಯಬಾರದಲ್ಲ, ಅಂತ ಒಮ್ಮೆ ನನ್ನ ಹತ್ತಿರ ಹೇಳಿಕೊಂಡರು.

ಆಗ ಬಂದವರು ನಿವೃತ್ತರಾದ ಒಬ್ಬ ಬಸ್ ಡ್ರೈವರು ಮತ್ತು ಅವರ ಹೆಂಡತಿ. ಡ್ರೈವರು ಕಡಿಮೆ ಮಾತಿನವರು. ಜನರನ್ನು ಹತ್ತಿಸಿ ಇಳಿಸಿ ಸಾಕಾಗಿದೆ, ಯಾರೂ ಹತ್ತದ ಯಾರೂ ಇಳಿಯದ ಜಾಗದಲ್ಲಿ ತೋಟ ಮಾಡಿಕೊಂಡಿರಬೇಕು ಅನ್ನೋದು ಅವರ ಆಸೆ. ಮೇಷ್ಟ್ರು ಎಂದಿನಂತೆ ಶುರುಮಾಡಿದರು. ಇಲ್ಲಿಗೆ ದಾರಿ ಮುಗಿಯುತ್ತದೆ, ಅಂದರು. ಹಾಗಾದರೆ ಮುಂದೆ ಓಡಿಸಬೇಕಾಗಿಲ್ಲ, ಅಂದರು ಡ್ರೈವರು. ನೆಂಟರು ದಾರಿ ತಪ್ಪಿ ವಾಪಸು ಹೋಗುತ್ತಾರೆ, ಅಂದರು ಮೇಷ್ಟ್ರು. ಡ್ರೈವರ ಹೆಂಡತಿ, ಇವರ ಕಡೆಯ ನೆಂಟರಾದರೆ ಹೋಗಲಿ, ಅಂದರು. ಶರತ್ಕಾಲದಲ್ಲಿ ಕಾಡುಹಂದಿಗಳು ಸಾಲಾಗಿ ಅಂಗಳಕ್ಕೆ ಬರುತ್ತವೆ ಅಂತ ಮೇಷ್ಟ್ರು ಎಚ್ಚರಿಸಿದರು. ಡ್ರೈವರು ಸ್ವಲ್ಪ ಯೋಚಿಸಿ, ಸಾಲಾಗಿ ಬರುತ್ತವೆ ಅಂದಮೇಲೆ ನಮ್ಮ ಪ್ರಯಾಣಿಕರಿಗಿಂತ ವಾಸಿ, ಅಂದರು. ಕೊನೆಗೆ ಮೇಷ್ಟ್ರು ಯಮನನ್ನೂ ಹೇಳಿದರು. ಅವನು ಎಲ್ಲಿದ್ದರೂ ಹುಡುಕಿಕೊಂಡು ಬರುತ್ತಾನೆ, ಇಲ್ಲಾದರೆ ಒಂದೆರಡು ಸಲ ದಾರಿ ತಪ್ಪುತ್ತಾನೆ, ಅಂದರು ಡ್ರೈವರು.

ಮೇಷ್ಟ್ರ ಹತ್ತಿರ ಹೇಳಲು ಏನೂ ಉಳಿಯಲಿಲ್ಲ.

ಹದಿನೈದು ದಿನಕ್ಕೆ ನಮ್ಮ ಆಫೀಸಿನಲ್ಲಿ ಕಾಗದಪತ್ರಕ್ಕೆ ಎಲ್ಲರೂ ಸೇರಿದೆವು. ಜಪಾನಿನಲ್ಲಿ ಸಹಿಗಿಂತ ಮುದ್ರೆ ಮುಖ್ಯ. ಹೆಸರು ಕೆತ್ತಿದ ಪುಟ್ಟ ಮುದ್ರೆಯನ್ನು ಕೆಂಪು ಮಸಿಯಲ್ಲಿ ಅದ್ದಿ ಒತ್ತಬೇಕು, ಒತ್ತಿದರೆ ಮುಗಿಯಿತು. ಡ್ರೈವರು ಟಕ್ಕನೆ ಒತ್ತಿದರು. ಆಮೇಲೆ ಮೇಷ್ಟ್ರ ಸರದಿ. ಅವತ್ತೂ ಟೈ ಕಟ್ಟಿಕೊಂಡು ಬಂದಿದ್ದರು. ಮುದ್ರೆಗೆ ಮಸಿ ಹಚ್ಚಿದರು, ಕಾಗದದ ಮೇಲೆ ತಂದರು, ಅಲ್ಲೇ ನಿಲ್ಲಿಸಿದರು.

ಒಂದು ಮಾತು ಹೇಳದೆ ಇದನ್ನು ಒತ್ತಿದರೆ ಮೋಸ ಮಾಡಿದ ಹಾಗಾಗುತ್ತದೆ, ಅಂದರು.

ಶಾಚೋ-ಸಾನ್ ಕಣ್ಣು ಮುಚ್ಚಿಕೊಂಡರು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದೆ. ಇಷ್ಟು ತಿಂಗಳು ಎಲ್ಲವನ್ನೂ ಹೇಳಿದ ಈ ಮನುಷ್ಯ ಇನ್ನೂ ಯಾವುದನ್ನು ಮುಚ್ಚಿಟ್ಟಿದ್ದಾರೆ, ನೆಲ ಕುಸಿಯುತ್ತಿದೆಯೋ, ಬೆಟ್ಟ ಜಾರುತ್ತಿದೆಯೋ. ಬಸ್ ಡ್ರೈವರೂ ಮೊದಲ ಸಲ ಕುರ್ಚಿಯಲ್ಲಿ ಮುಂದಕ್ಕೆ ಬಂದು, ಹೇಳಿ, ಅಂದರು.

ಮೇಷ್ಟ್ರು ಎಲ್ಲರ ಮುಖವನ್ನೂ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಆ ಮನೆಯಲ್ಲಿ ಒಂದು ಸಲ ಇದ್ದವರಿಗೆ" ಅಂದರು, "ಬಿಟ್ಟುಹೋಗಲು ಮನಸ್ಸು ಬರುವುದಿಲ್ಲ."

ಡ್ರೈವರ ಹೆಂಡತಿ ಕರ್ಚೀಫು ತೆಗೆದರು. ನನ್ನ ಕಣ್ಣೂ ಒದ್ದೆಯಾಯಿತು. ಶಾಚೋ-ಸಾನ್ ಮೂಗು ಎಳೆದುಕೊಳ್ಳುವುದು ಕೇಳಿಸಿತು.

ಮೇಷ್ಟ್ರ ಹೆಂಡತಿ ನಿಧಾನವಾಗಿ ಗಂಡನ ಮಣಿಕಟ್ಟಿನ ಮೇಲೆ ಕೈ ಇಟ್ಟರು. ಬಹಳ ಮೃದುವಾಗಿ ಹೇಳಿದರು:

"ನನಗೆ ಮನಸ್ಸು ಬಂದಿದೆ. ಒತ್ತಿ."